ದಿನವಿಡೀ ಕ್ಲಾಸು, ಲ್ಯಾಬು: ಮೈಗೆ ವ್ಯಾಯಾಮ ಎಲ್ಲಿಂದ?

ಪ್ರಶ್ನೆ: ವಿಜ್ಞಾನದ ಕೋರ್ಸ್ ಮಾಡಲು ವಿಶ್ವವಿದ್ಯಾಲಯ ಇರುವ ಊರಿಗೆ ಬಂದಿದ್ದೇನೆ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ರಾತ್ರಿ ರೆಕಾರ್ಡ್ ಬರೆಯುವುದು. ಮೊದಲು ದಿನಾ ಆಡುತ್ತಿದ್ದೆ, ಈಗ ಮೈ ಜಡವಾಗಿದೆ. ವ್ಯಾಯಾಮಕ್ಕೆ ಒಂದು ಗಂಟೆ ಹೊಂದಿಸುವುದು ಹೇಗೆ?

ಉತ್ತರ: ಆ ಒಂದು ಗಂಟೆ ಹುಡುಕುವುದನ್ನು ಮೊದಲು ಬಿಡಿ. ಅದು ಸಿಗುವುದಿಲ್ಲ, ಸಿಗಲಿಲ್ಲ ಅಂತ ಏನೂ ಮಾಡದೆ ಮಲಗಿಬಿಡುತ್ತೀರಿ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲೆಲ್ಲ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗಲೇಬೇಕು ಅನ್ನುತ್ತಿದ್ದರು. 2020ರಲ್ಲಿ ಆ ಷರತ್ತು ತೆಗೆದರು. ಅಂದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬೇಗಬೇಗ ನಡೆದ ನಾಲ್ಕು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು.

‘ಲ್ಯಾಬ್‌ನಲ್ಲಿ ಮೂರು ಗಂಟೆ ನಿಂತೇ ಇರ್ತೀನಲ್ಲ’ ಅಂತ ಅನಿಸಬಹುದು. ಸುಮ್ನೆ ನಿಂತರೆ ಕಾಲು ನೋಯುತ್ತದೆ, ಅಷ್ಟೇ. ಮೀನಖಂಡ ಬಿಗಿದು ಸಡಿಲವಾದಾಗಲೆಲ್ಲ ಕಾಲಿನ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತದೆ. ಅಲುಗಾಡದೆ ನಿಂತರೆ ಆ ಪಂಪು ಕೆಲಸ ಮಾಡುವುದಿಲ್ಲ. ಸಂಜೆ ಪಾದ ಭಾರ ಅನಿಸುವುದು ಅದಕ್ಕೇ. ಕೈಯಲ್ಲಿ ಏನೂ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸಿ, ಒಂದಿಪ್ಪತ್ತು ಸಲ.

ನಿಜವಾದ ಸಮಯ ಇರುವುದು ಕಾಯುವ ಹೊತ್ತಿನಲ್ಲಿ. ನಾನು ಓದುವಾಗ ಟ್ಯೂಬ್‌ಗಳನ್ನು 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿಟ್ಟು ಅರ್ಧ ಗಂಟೆ ಕಾಯಬೇಕಿತ್ತು. ಎಲ್ಲರೂ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದೆವು. ಒಂದು ದಿನ ಗ್ಲೌಸ್ ಬಿಚ್ಚಿ, ಕೋಟು ತೆಗೆದಿಟ್ಟು, ಕೈ ತೊಳೆದು, ಮೇಷ್ಟರಿಗೆ ಹೇಳಿ ಮೆಟ್ಟಿಲು ಹತ್ತಲು ಹೋದೆ. ನಾಲ್ಕು ಮಹಡಿ ಮೇಲೆ, ನಾಲ್ಕು ಕೆಳಗೆ, ಎರಡು ಸಲ. ವಾಪಸ್ ಬಂದಾಗ ರೀಡಿಂಗ್ ತೆಗೆಯಲು ಕಣ್ಣು ಚುರುಕಾಗಿತ್ತು. ಒಂದು ಎಚ್ಚರಿಕೆ: ಬರ್ನರ್ ಉರಿಯುತ್ತಿದ್ದರೆ, ಏನಾದರೂ ಕುದಿಯುತ್ತಿದ್ದರೆ ಜಾಗ ಬಿಟ್ಟು ಕದಲಬೇಡಿ.

ಮೆಟ್ಟಿಲನ್ನು ಹಗುರವಾಗಿ ನೋಡಬೇಡಿ. 1953ರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತವರ ತಂಡ ಲಂಡನ್ನಿನ ಬಸ್ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ದಿನವಿಡೀ ಹತ್ತಿ ಇಳಿಯುವ ಕಂಡಕ್ಟರ್‌ಗಳಿಗಿಂತ ಕೂತೇ ಇರುವ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ ಕಂಡಿತ್ತು. ಬಸ್ಸು ಒಂದೇ, ಕೆಲಸ ಬೇರೆ.

ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಬೇಕು. ರೂಮಿನಲ್ಲೇ ಬಸ್ಕಿ, ದಂಡ ಹೊಡೆದರೆ ಆಯಿತು.

ಇನ್ನು ನಿಮ್ಮ ಆಟ. ಅದನ್ನು ಪೂರ್ತಿ ಬಿಟ್ಟಿದ್ದೀರಿ ಅಂತ ಓದಿ ಬೇಜಾರಾಯಿತು. ದಿನಾ ಬೇಡ, ವಾರಕ್ಕೊಂದು ಸಂಜೆ ಸಾಕು. ರೆಕಾರ್ಡ್ ಬಾಕಿ ಇಲ್ಲದ ಸಂಜೆ ಯಾವುದು ನೋಡಿ, ಮೈದಾನಕ್ಕೆ ಹೋಗಿ ಆಡುತ್ತಿರುವವರ ಹತ್ತಿರ ‘ನಾನೂ ಬರ್ಲಾ?’ ಅಂತ ಕೇಳಿ.