ಸಿನಿಮಾದಾಚೆಯ ಹೊಸ ಹಾಡುಗಳನ್ನು ಹುಡುಕುವುದು ಹೇಗೆ, ಹಂಚುವುದು ಹೇಗೆ?

ಓದುಗರ ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಕನ್ನಡಿಗರು. ಸಿನಿಮಾದ ಹೊರಗೆ ಸ್ವತಂತ್ರವಾಗಿ ಹಾಡು ಮಾಡುವವರು ಈಗ ಬಹಳ ಮಂದಿ ಇದ್ದಾರೆಂದು ಕೇಳುತ್ತೇವೆ. ಆದರೆ ಫೋನಿನಲ್ಲಿ ಹುಡುಕಿದರೆ ಬರುವುದು ಹೆಚ್ಚಾಗಿ ಸಿನಿಮಾ ಹಾಡು, ಅದೂ ಮಲಯಾಳದ್ದು. ಹೊಸಬರ ಹಾಡುಗಳನ್ನು ಕಂಡುಕೊಳ್ಳುವ ದಾರಿ ಯಾವುದು? ಮೆಚ್ಚಿದ್ದನ್ನು ಕಲಾವಿದರಿಗೆ ನಷ್ಟವಾಗದಂತೆ ನಾಲ್ಕು ಮಂದಿಗೆ ತಲುಪಿಸುವುದು ಹೇಗೆ?

ಉತ್ತರ: ಹಾಡುಗಳನ್ನು ಹುಡುಕುವುದಕ್ಕಿಂತ ಹೆಸರುಗಳ ಬೆನ್ನು ಹಿಡಿಯುವುದು ಸುಲಭ, ಹಂಚುವಾಗ ಹಾಡಿನ ಜೊತೆಗೆ ಆ ಹೆಸರೂ ಹೋಗುವಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆಯೇ. ನಿಮ್ಮ ಪ್ರಶ್ನೆಯ ಎರಡು ಭಾಗಗಳಿಗೂ ಉತ್ತರ ಇದೇ. ಹಾಗೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು, ಫೋನು ಏಕೆ ಸಿನಿಮಾ ಹಾಡನ್ನೇ ಮುಂದಿಡುತ್ತದೆ ಎಂಬುದನ್ನು ನೋಡೋಣ. ಯೂಟ್ಯೂಬ್, ಸ್ಪಾಟಿಫೈಗಳಂಥ ಸೇವೆಗಳ ಶಿಫಾರಸು ಬಹುಮಟ್ಟಿಗೆ ಕೇಳುಗರ ಚರಿತ್ರೆಯನ್ನು ಅವಲಂಬಿಸಿದೆ. ಈ ಹಾಡನ್ನು ಕೇಳಿದವರು ಬೇರೆ ಯಾವುದನ್ನು ಕೇಳಿದರು, ಎಲ್ಲಿಯವರೆಗೆ ಕೇಳಿದರು, ಎಲ್ಲಿ ಬಿಟ್ಟರು ಎಂಬುದನ್ನು ಲೆಕ್ಕ ಹಾಕಿ, ಅಂಥದೇ ಅಭ್ಯಾಸವಿರುವ ಇನ್ನೊಬ್ಬರಿಗೆ ಅವು ಹಾಡನ್ನು ಸೂಚಿಸುತ್ತವೆ. ಲಕ್ಷಗಟ್ಟಲೆ ಕೇಳುಗರಿರುವ ಸಿನಿಮಾ ಹಾಡಿನ ಬಗ್ಗೆ ಈ ಲೆಕ್ಕಕ್ಕೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ನಿನ್ನೆ ಬಿಡುಗಡೆಯಾದ, ಇನ್ನೂ ಐವತ್ತು ಮಂದಿ ಕೂಡ ಕೇಳದ ಹಾಡಿನ ಬಗ್ಗೆ ಏನೂ ಸಿಗುವುದಿಲ್ಲ. ಕೇಳುಗರಿಲ್ಲದ ಕಾರಣ ಶಿಫಾರಸಿಲ್ಲ, ಶಿಫಾರಸಿಲ್ಲದ ಕಾರಣ ಕೇಳುಗರಿಲ್ಲ. ಇದರ ಮೇಲೆ ನಮ್ಮ ಜಿಲ್ಲೆಯ ವಿಶೇಷವೂ ಸೇರುತ್ತದೆ. ಸುತ್ತಲಿನ ಬಹುಪಾಲು ಫೋನುಗಳಲ್ಲಿ ಮಲಯಾಳ ಹಾಡು ನುಡಿಯುತ್ತಿರುವಾಗ, ಮನೆಯ ಒಂದೇ ಫೋನಿನಲ್ಲಿ ಮಕ್ಕಳು ಒಂದು, ಹಿರಿಯರು ಇನ್ನೊಂದು ಕೇಳುತ್ತಿರುವಾಗ, ಕನ್ನಡದ ಒಬ್ಬ ಹೊಸ ಗಾಯಕ ತಾನಾಗಿಯೇ ನಿಮ್ಮ ಪರದೆಗೆ ಬರುವ ಸಾಧ್ಯತೆ ಕಡಿಮೆ. ಸ್ಪಾಟಿಫೈಯಂಥ ಸೇವೆಗಳಲ್ಲಿ ಸಂಗೀತದ ಭಾಷೆಯನ್ನು ನಾವೇ ಆರಿಸಿಕೊಳ್ಳುವ ಅವಕಾಶವಿದೆ. ಅಲ್ಲಿ ಕನ್ನಡವನ್ನು ಗುರುತು ಹಾಕಿಕೊಳ್ಳಿ. ಆದರೆ ಅದರಿಂದ ಬರುವುದು ಕನ್ನಡದ ಸಿನಿಮಾ ಹಾಡೇ ಹೆಚ್ಚು. ಆದ್ದರಿಂದ ಮೊದಲ ಹೆಜ್ಜೆಯನ್ನು ಕೇಳುಗರೇ ಇಡಬೇಕಾಗುತ್ತದೆ.

ಹೆಸರು ಹಿಡಿದು ಕೇಳುವ ಅಭ್ಯಾಸ ನಮ್ಮ ಕಡೆಯವರಿಗೆ ಹೊಸದಲ್ಲ. ಯಕ್ಷಗಾನದ ಆಟವಿದೆ ಎಂದು ತಿಳಿದ ಕೂಡಲೇ ಕುಂಬಳೆಯಲ್ಲಾಗಲಿ, ಬದಿಯಡ್ಕದಲ್ಲಾಗಲಿ, ಮೊದಲು ಬರುವ ಪ್ರಶ್ನೆ ‘ಭಾಗವತಿಕೆ ಯಾರದು?’ ಎಂಬುದೇ. ಅನಂತರ ಚೆಂಡೆ ಯಾರು, ಮದ್ದಳೆ ಯಾರು, ವೇಷ ಯಾರದು ಎಂದು ವಿಚಾರಿಸುತ್ತೇವೆ. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರ ಹಾಡುಗಾರಿಕೆಯನ್ನು ಕಣ್ಣು ಮುಚ್ಚಿ ಗುರುತಿಸಬಲ್ಲ ಕೇಳುಗರು ಈ ಸೀಮೆಯಲ್ಲಿದ್ದಾರೆ, ಆ ಶೈಲಿಗೇ ಅವರ ಹೆಸರು ನಿಂತಿದೆ. ಇದೇ ವಿಚಾರಣೆಯನ್ನು ಫೋನಿನಲ್ಲಿ ಕೇಳುವ ಹಾಡಿಗೂ ಮಾಡಿ ಎಂಬುದಷ್ಟೇ ನನ್ನ ಸಲಹೆ.

ಹಾಡಿನ ಕೆಳಗಿರುವ ವಿವರಣೆಯನ್ನು ಬಿಡಿಸಿ ಓದುವುದರಿಂದ ಇದು ಆರಂಭವಾಗುತ್ತದೆ. ಯೂಟ್ಯೂಬಿನಲ್ಲಿ ಕಲಾವಿದರೇ ಏರಿಸಿದ ಹಾಡಾದರೆ, ಸಾಹಿತ್ಯ, ಸಂಗೀತ, ಗಿಟಾರ್, ತಬಲ, ಧ್ವನಿಮುದ್ರಣ, ಮಿಕ್ಸಿಂಗ್, ಮಾಸ್ಟರಿಂಗ್, ಛಾಯಾಗ್ರಹಣ ಎಂದು ಸಾಲುಸಾಲಾಗಿ ಹೆಸರುಗಳಿರುತ್ತವೆ. ಸ್ವತಂತ್ರ ಸಂಗೀತದ ಲೋಕ ಚಿಕ್ಕದು. ಒಂದು ಹಾಡಿಗೆ ಬೇಸ್ ಗಿಟಾರ್ ನುಡಿಸಿದವರು ಇನ್ನೊಂದು ತಂಡದ ಸದಸ್ಯರಾಗಿರುತ್ತಾರೆ, ಮಿಕ್ಸಿಂಗ್ ಮಾಡಿದವರು ಅಂಥದೇ ಹತ್ತು ಹಾಡುಗಳಿಗೆ ಕೆಲಸ ಮಾಡಿರುತ್ತಾರೆ. ಇಷ್ಟವಾದ ಹಾಡಿನ ವಿವರಣೆಯಿಂದ ಎರಡು ಹೆಸರುಗಳನ್ನು ಎತ್ತಿಕೊಂಡು ಪ್ರತ್ಯೇಕವಾಗಿ ಹುಡುಕಿದರೆ, ಯಾವ ಶಿಫಾರಸೂ ತೋರಿಸದ ಹಾಡುಗಳು ಸಿಗುತ್ತವೆ. ಕಲಾವಿದರ ಹಾಡನ್ನು ಇಂಥ ಸೇವೆಗಳಿಗೆ ತಲುಪಿಸುವ ವಿತರಣೆಯ ಸಂಸ್ಥೆಯ ಮೂಲಕ ಬಂದ ಹಾಡಾದರೆ ವಿವರಣೆಯನ್ನು ಯಂತ್ರವೇ ಬರೆದಿರುತ್ತದೆ. ಅದರಲ್ಲಿ ವೃತ್ತದೊಳಗೆ ‘ಪಿ’ ಅಕ್ಷರವಿರುವ ಒಂದು ಗುರುತು, ಅದರ ಮುಂದೆ ಇಸವಿ ಮತ್ತು ಒಂದು ಹೆಸರು ಕಾಣುತ್ತದೆ. ಆ ಧ್ವನಿಮುದ್ರಣದ ಹಕ್ಕು ಯಾರದು ಎಂಬುದನ್ನು ಹೇಳುವ ಸಾಲು ಅದು. ಅಲ್ಲಿ ದೊಡ್ಡ ಕಂಪನಿಯ ಬದಲು ಗಾಯಕರದೋ ತಂಡದ್ದೋ ಹೆಸರಿದ್ದರೆ ಹಾಡು ಅವರ ಕೈಯಲ್ಲಿಯೇ ಇದೆ ಎಂದು ತಿಳಿಯಬಹುದು. ಕೆಲವೊಮ್ಮೆ ಒಂದು ದೀರ್ಘ ಸಂಖ್ಯೆ, ಅದರ ಮುಂದೆ ‘ರೆಕಾರ್ಡ್ಸ್ ಡಿಕೆ’ ಎಂದು ಇರುತ್ತದೆ; ಡಿಸ್ಟ್ರೋಕಿಡ್ ಎಂಬ ವಿತರಣಾ ಸೇವೆ, ಸ್ವಂತ ಲೇಬಲ್ ಇಲ್ಲದ ಕಲಾವಿದರ ಹಾಡಿಗೆ ತಾನಾಗಿ ಹಾಕುವ ಹೆಸರದು. ಹೀಗೆ ಕಂಡರೆ, ಯಾರೋ ಒಬ್ಬರು ತಮ್ಮ ಕೈಯಾರೆ ಹೊರತಂದ ಹಾಡು ಎಂದು ಬಹುಪಾಲು ಊಹಿಸಬಹುದು.

ಸಿನಿಮಾ ಹಾಡೂ ಇದಕ್ಕೆ ಬಾಗಿಲಾಗಬಹುದು ಎಂಬುದನ್ನು ಮರೆಯಬಾರದು. ‘ನಾತಿಚರಾಮಿ’ ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದ ಬಿಂದುಮಾಲಿನಿಯವರ ಹೆಸರನ್ನು ಹಿಡಿದು ಹೊರಟವರು, ಅವರು ವೇದಾಂತ್ ಭಾರದ್ವಾಜ್ ಅವರೊಂದಿಗೆ ಹಾಡಿದ ಕಬೀರನ ಪದಗಳಿಗೆ ತಲುಪುತ್ತಾರೆ. ವೇದಾಂತ್ ಅವರಿಂದ ತಮಿಳಿನ ಕಡೆಗೆ ದಾರಿ ತೆರೆಯುತ್ತದೆ. ಬೆಂಗಳೂರಿನ ‘ಸ್ವರಾತ್ಮ’ ತಂಡದಿಂದ ಅದರ ಗಾಯಕ ವಾಸು ದೀಕ್ಷಿತ್ ಅವರ ಬೇರೆ ಕೆಲಸಗಳಿಗೆ ಹೋಗಬಹುದು. ರಘು ದೀಕ್ಷಿತ್ ಅವರ ಮೂಲಕ ಶಿಶುನಾಳ ಶರೀಫರ ತತ್ತ್ವಪದಗಳು ಗಿಟಾರಿನ ಜೊತೆ ಹೇಗೆ ಕೇಳಿಸುತ್ತವೆಂದು ತಿಳಿದವರು, ಅದೇ ಪದಗಳನ್ನು ಇಂದು ಬೇರೆ ಯಾರೆಲ್ಲ ಹಾಡುತ್ತಿದ್ದಾರೆಂದು ಹುಡುಕಬಹುದು. ಮಲಯಾಳ ಬಲ್ಲ ನಮಗೆ ಇನ್ನೊಂದು ಅನುಕೂಲವಿದೆ. ‘ಅವಿಯಲ್’, ‘ತೈಕ್ಕುಡಂ ಬ್ರಿಡ್ಜ್’ನಂಥ ಕೇರಳದ ತಂಡಗಳ ಹಾಡನ್ನು ಬೆಂಗಳೂರಿನ ಕನ್ನಡಿಗರು ರಾಗಕ್ಕಾಗಿ ಕೇಳಿದರೆ, ಮಂಜೇಶ್ವರದವರು ಸಾಹಿತ್ಯವನ್ನೂ ಕೇಳುತ್ತಾರೆ. ಫೋನು ಮಲಯಾಳವನ್ನು ಮುಂದಿಡುತ್ತದೆ ಎಂಬ ನಿಮ್ಮ ದೂರನ್ನು ನಾನು ಒಪ್ಪುತ್ತೇನಾದರೂ, ಆ ಭಾಷೆಯ ಸ್ವತಂತ್ರ ಸಂಗೀತವನ್ನು ಮಾತ್ರ ಬಿಟ್ಟುಕೊಡಬೇಡಿ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿಗಳ ನಡುವೆ ಬದುಕುವ ನಮ್ಮ ಕಿವಿಗೆ ಇರುವಷ್ಟು ದಾರಿಗಳು ಬಹಳ ಕಡಿಮೆ ಊರಿನವರಿಗೆ ಇವೆ.

ಹುಡುಕುವಾಗ ಅಕ್ಷರದ ತೊಡಕು ಒಂದಿದೆ. ಒಂದೇ ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ: ದೀರ್ಘಕ್ಕೆ ಒಬ್ಬರು ಎರಡು ‘ಎ’ ಹಾಕಿದರೆ ಇನ್ನೊಬ್ಬರು ಒಂದೇ ಹಾಕುತ್ತಾರೆ, ‘ದ’ಕಾರಕ್ಕೆ ಕೆಲವರು ‘ಎಚ್’ ಸೇರಿಸುತ್ತಾರೆ. ಪ್ರಸಿದ್ಧ ಹಾಡಾದರೆ ಯಂತ್ರ ತಪ್ಪನ್ನು ತಿದ್ದಿಕೊಳ್ಳುತ್ತದೆ; ಹೊಸಬರ ಹಾಡಿಗೆ ಆ ಸೌಕರ್ಯ ಸಿಗುವುದು ಕಷ್ಟ. ಆದ್ದರಿಂದ ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ, ಆಮೇಲೆ ಕಾಗುಣಿತ ಬದಲಿಸಿ ಹುಡುಕಿ. ಫಲಿತಾಂಶವನ್ನು ಏರಿಸಿದ ದಿನಾಂಕದ ಪ್ರಕಾರ ಸೋಸಿ ನೋಡಿದರೆ ಹೊಸದು ಮೇಲೆ ಬರುತ್ತದೆ.

ಇನ್ನು ಹಂಚುವ ವಿಚಾರ. ನಮ್ಮಲ್ಲಿ ಬಹುಮಂದಿ ಮಾಡುವುದೇನೆಂದರೆ, ಹಾಡನ್ನು ಹೇಗೋ ಎಂಪಿ3 ಕಡತವಾಗಿ ಇಳಿಸಿಕೊಂಡು ವಾಟ್ಸಾಪ್ ಗುಂಪಿಗೆ ಹಾಕುವುದು. ಆ ಕಡತಕ್ಕೆ ಆಗುವ ಗತಿಯನ್ನು ಒಮ್ಮೆ ಗಮನಿಸಿ. ಪಡೆದವರ ಫೋನಿನ ಕಡತಗಳ ಕೋಶವನ್ನು ತೆರೆದರೆ, ಅಲ್ಲಿ ಹಾಡಿನ ಹೆಸರಿನ ಜಾಗದಲ್ಲಿ ‘ಎಯುಡಿ’ ಎಂಬ ಮೂರಕ್ಷರ, ಅದಕ್ಕೆ ಅಂಟಿದ ದಿನಾಂಕ, ‘ಡಬ್ಲ್ಯುಎ’ ಎಂಬ ಗುರುತು, ಕೊನೆಗೆ ನಾಲ್ಕು ಅಂಕಿಗಳು ಇರುವುದೇ ಹೆಚ್ಚು. ಹಾಡಿದವರ ಹೆಸರಿಲ್ಲ, ಬರೆದವರ ಹೆಸರಿಲ್ಲ, ಊರಿಲ್ಲ. ಮೂರನೆಯ ಗುಂಪಿಗೆ ಹೋಗುವ ಹೊತ್ತಿಗೆ ಅದು ಯಾರದೋ ಒಂದು ಒಳ್ಳೆಯ ಹಾಡು; ಕೇಳಿ ಸಂತೋಷಪಟ್ಟವರಿಗೆ ಆ ಕಲಾವಿದರ ಎರಡನೆಯ ಹಾಡನ್ನು ಹುಡುಕುವ ದಾರಿಯೇ ಇರುವುದಿಲ್ಲ. ಹಣದ ನಷ್ಟಕ್ಕಿಂತ ಇದು ದೊಡ್ಡ ನಷ್ಟ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೊಸ ಕಲಾವಿದರಿಗೆ ಇರುವ ಆಸ್ತಿ ಹೆಸರೊಂದೇ.

ಅದರ ಬದಲು ಕೊಂಡಿಯನ್ನು ಕಳುಹಿಸಿ, ಅದೂ ಕಲಾವಿದರ ಸ್ವಂತ ಚಾನೆಲ್ಲಿನ ಕೊಂಡಿಯನ್ನು. ಬೇರೆಯವರು ಎತ್ತಿ ತಮ್ಮ ಚಾನೆಲ್ಲಿಗೆ ಹಾಕಿಕೊಂಡ ಪ್ರತಿಯನ್ನು ಹಂಚಿದರೆ ಲೆಕ್ಕವೆಲ್ಲ ಅವರಿಗೆ ಸೇರುತ್ತದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಒಂದು ಚಾನೆಲ್ಲಿಗೆ 1000 ಚಂದಾದಾರರು ಇರಬೇಕು, ಜೊತೆಗೆ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಕಿರುವಿಡಿಯೊಗಳಿಗೆ 1 ಕೋಟಿ ವೀಕ್ಷಣೆ ಆಗಿರಬೇಕು. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಸಣ್ಣ ತಂಡಕ್ಕೆ ನೀವು ಒತ್ತುವ ಚಂದಾದಾರಿಕೆಯ ಗುಂಡಿ ನಿಜವಾಗಿಯೂ ಆ ಸಾವಿರದಲ್ಲಿ ಒಂದಾಗುತ್ತದೆ.

ಸ್ಪಾಟಿಫೈಯಲ್ಲಿ ಒಂದು ಕೇಳುವಿಕೆಗೆ ಇಂತಿಷ್ಟು ಎಂಬ ನಿಗದಿತ ದರವಿಲ್ಲ. ಚಂದಾ ಮತ್ತು ಜಾಹೀರಾತಿನಿಂದ ಬಂದ ಹಣದ ಒಂದು ಭಾಗವನ್ನು ಒಟ್ಟುಗೂಡಿಸಿ, ಎಲ್ಲ ಹಾಡುಗಳ ಒಟ್ಟು ಕೇಳುವಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟನ್ನು ಹಂಚುತ್ತಾರೆ. 30 ಸೆಕೆಂಡು ದಾಟಿದರೆ ಮಾತ್ರ ಅದು ಒಂದು ಕೇಳುವಿಕೆ. 2024ರಿಂದ ಇನ್ನೊಂದು ನಿಯಮ ಬಂದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯಲ್ಲಿ ಪಾಲಿಲ್ಲ. ನೂರು ಮಂದಿ ವರ್ಷಕ್ಕೆ ಹತ್ತು ಸಲ ಕೇಳಿದರೆ ಈ ಗೆರೆ ದಾಟುತ್ತದೆ ಎಂದು ಯೋಚಿಸಿದರೆ, ಒಂದು ಊರಿನ ಕೇಳುಗರ ಬಳಗ ಎಷ್ಟು ಮಾಡಬಲ್ಲದು ಎಂಬುದು ತಿಳಿಯುತ್ತದೆ. ಆದರೆ ಅಭಿಮಾನದಿಂದ ಒಂದೇ ಹಾಡನ್ನು ಸದ್ದು ತಗ್ಗಿಸಿ ರಾತ್ರಿಯಿಡೀ ಓಡಿಸುವ ಕೆಲಸ ಬೇಡ. ಕೇಳುಗರ ಸಂಖ್ಯೆಯನ್ನೂ ಅವರು ನೋಡುತ್ತಾರೆ, ಕೃತಕ ಕೇಳುವಿಕೆ ಎಂದು ಕಂಡುಬಂದರೆ ಪೆಟ್ಟು ಬೀಳುವುದು ಕಲಾವಿದರಿಗೆ.

ಹಣ ಕೊಟ್ಟು ಕೊಳ್ಳುವ ಮನಸ್ಸಿದ್ದರೆ, ಬ್ಯಾಂಡ್‌ಕ್ಯಾಂಪ್ ಎಂಬ ತಾಣ 2008ರಿಂದ ಇದೆ. ಡಿಜಿಟಲ್ ಮಾರಾಟದಲ್ಲಿ ಅದು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಶೇ 15, ಅದರ ಮೇಲೆ ಪಾವತಿಯ ಶುಲ್ಕ, ಉಳಿದದ್ದು ಕಲಾವಿದರಿಗೆ. ಕೇಳುವಿಕೆಯ ಪಾಲಿಗೆ ಹೋಲಿಸಿದರೆ ಒಂದು ಆಲ್ಬಂ ಕೊಂಡದ್ದು ಬಹಳ ದೊಡ್ಡ ನೆರವು. ಆದರೆ ಅಲ್ಲಿ ಕಲಾವಿದರಿಗೆ ಹಣ ಹೋಗುವುದು ಪೇಪಾಲ್ ಮೂಲಕ, ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ಸೇವೆಯನ್ನು ನಿಲ್ಲಿಸಿದೆ. ಹಾಗಾಗಿ ಭಾರತದ ಕಲಾವಿದರಿಂದ ನಾವು ಕೊಳ್ಳಹೊರಟಾಗ ತೊಡಕಾಗಬಹುದು. ಅಂಥಲ್ಲಿ ನೇರವಾಗಿ ಸಂದೇಶ ಕಳುಹಿಸಿ, ಯುಪಿಐ ಮೂಲಕ ಕೊಡಬಹುದೇ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ.

ಕಾನೂನಿನ ಮಾತು ಚಿಕ್ಕದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅನುಮತಿಯಿಲ್ಲದೆ ಕಡತ ಹಂಚುವುದು ಸಣ್ಣ ಕಲಾವಿದರ ಹಾಡಾದರೂ ತಪ್ಪೇ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಎಂದರೆ ಹಂಚಲು ಹಕ್ಕುದಾರರೇ ಮೊದಲೇ ಅನುಮತಿ ಕೊಟ್ಟು, ಬಿಟ್ಟ ಹಾಡುಗಳನ್ನು ಮಾತ್ರ ಅದರ ಷರತ್ತಿಗೆ ಒಳಪಟ್ಟು ಹಂಚಬಹುದು, ಆಗಲೂ ಹೆಸರು ಹೇಳಲೇಬೇಕು.

ಕೊಂಡಿಯ ಜೊತೆ ಏನು ಬರೆಯಬೇಕು ಎಂಬುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ‘ಸೂಪರ್ ಹಾಡು, ಕೇಳಿ’ ಎಂದು ಇನ್ನೂರು ಮಂದಿಯ ಗುಂಪಿಗೆ ಹಾಕಿದ್ದನ್ನು ಯಾರೂ ತೆರೆಯುವುದಿಲ್ಲ. ಬರೆದವರು, ಹಾಡಿದವರು, ಅವರ ಊರು, ಮತ್ತು ಹಾಡಿನಲ್ಲಿ ನೀವು ನಿಂತ ಒಂದು ಜಾಗ, ಇಷ್ಟನ್ನು ಎರಡು ಸಾಲಿನಲ್ಲಿ ಬರೆದು, ಅದು ಹಿಡಿಸಬಹುದು ಎನ್ನಿಸಿದ ಒಬ್ಬಿಬ್ಬರಿಗೆ ಕಳುಹಿಸಿ. ‘ಎರಡನೆಯ ಚರಣದಲ್ಲಿ ಕೊಳಲು ನಿಂತು ಬರೀ ದನಿ ಉಳಿಯುತ್ತದೆ, ಅಲ್ಲಿಯವರೆಗೆ ಕೇಳು’ ಎಂದು ಹೇಳಿದರೆ ಸ್ನೇಹಿತರು ಅಲ್ಲಿಯವರೆಗೆ ಕೇಳುತ್ತಾರೆ. ಅರ್ಧಕ್ಕೆ ಬಿಡದೆ ಕೇಳಿದ ಆ ಕೇಳುವಿಕೆಯೇ ಶಿಫಾರಸಿನ ಲೆಕ್ಕದಲ್ಲೂ ತೂಕವುಳ್ಳದ್ದು. ಮನೆಯಲ್ಲಿ ಸಂಜೆ ಹತ್ತು ಮಂದಿ ಸೇರಿದಾಗ ಒಂದು ಹಾಡು ಹಾಕಿ ಹೆಸರು ಹೇಳುವುದು, ಕಾಲೇಜಿನ ಕಾರ್ಯಕ್ರಮಕ್ಕೆ ತಂಡವನ್ನು ಹುಡುಕುವವರಿಗೆ ಹೆಸರು ಸೂಚಿಸುವುದು, ಮಂಗಳೂರಿನಲ್ಲಿ ಕಾರ್ಯಕ್ರಮವಿದ್ದರೆ ಟಿಕೆಟು ಕೊಂಡು ಹೋಗುವುದು, ಇವೆಲ್ಲವೂ ಹಂಚುವುದರ ಭಾಗಗಳೇ.

ಹಾಡಿನ ಕೆಳಗೆ ಅಭಿಪ್ರಾಯ ಬರೆಯುವಾಗ ನಿಮ್ಮ ಊರಿನ ಹೆಸರನ್ನೂ ಬರೆಯಿರಿ. ಯಾವ ಪ್ರದೇಶದವರು ಎಷ್ಟು ಮಂದಿ ಕೇಳಿದರು ಎಂಬ ಅಂಕಿಅಂಶವನ್ನು ಈ ಸೇವೆಗಳು ಕಲಾವಿದರಿಗೆ ತೋರಿಸುತ್ತವೆ. ಆದರೆ ಮೊಬೈಲ್ ಇಂಟರ್ನೆಟ್ಟಿನಲ್ಲಿ ಸಣ್ಣ ಊರಿನ ಕೇಳುಗರು ದೂರದ ದೊಡ್ಡ ನಗರದ ಲೆಕ್ಕಕ್ಕೆ ಸೇರಿಹೋಗುವುದುಂಟು, ಕೇರಳವೆಂದು ತೋರಿದರೆ ಕೇಳುವವರು ಕನ್ನಡಿಗರೆಂಬುದು ಗೊತ್ತಾಗುವುದೂ ಇಲ್ಲ. ಕುಂಬಳೆ, ಪೈವಳಿಕೆ, ಮುಳ್ಳೇರಿಯ ಎಂದು ಕನ್ನಡದಲ್ಲಿ ಬರೆದ ನಾಲ್ಕು ಅಭಿಪ್ರಾಯಗಳನ್ನು ಕಂಡ ತಂಡಕ್ಕೆ, ಮುಂದಿನ ಸುತ್ತಿನ ಕಾರ್ಯಕ್ರಮಗಳನ್ನು ಗೊತ್ತುಮಾಡುವಾಗ ಮಂಗಳೂರಿನಿಂದ ತೆಂಕಣಕ್ಕೂ ತನ್ನ ಕೇಳುಗರಿದ್ದಾರೆ ಎಂಬುದು ತಿಳಿದಿರುತ್ತದೆ.