ಮನೆ ಬಂತು, ಜಾಗದ ಕಾಗದ ಬರಲಿಲ್ಲ: ಬಳ್ಳಾರಿಯ ವಸತಿ ಯೋಜನೆಗಳ ಹಿನ್ನೆಲೆ

ಬಳ್ಳಾರಿಯ ಹಳೇ ಕೇರಿಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೆ ಐವತ್ತು ವರ್ಷಗಳ ವಸತಿ ಯೋಜನೆಗಳೆಲ್ಲ ಕಣ್ಣಿಗೆ ಬೀಳುತ್ತವೆ. ಒಂದು ಜನತಾ ಮನೆ, ಅದರ ಪಕ್ಕ ಆಶ್ರಯ ಮನೆ, ಆಚೆಗೆ ವಾಂಬೆ (ವಾಲ್ಮೀಕಿ ಅಂಬೇಡ್ಕರ್ ಆವಾಸ್ ಯೋಜನೆ) ಮನೆ, ತುದಿಯಲ್ಲಿ ಛತ್ತು ಹಾಕಿ ಗಿಲಾವು ಬಾಕಿ ಉಳಿಸಿಕೊಂಡ ಪಿಎಂ (ಪ್ರಧಾನಮಂತ್ರಿ ಆವಾಸ್) ಮನೆ. ಯಾವ ಮನೆಯ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕು ಅಂತ ಕೇಳಿದರೆ ಅಲ್ಲೇ ಹುಟ್ಟಿ ಬೆಳೆದವರೂ ತಡವರಿಸುತ್ತಾರೆ. ಮಹಾನಗರ ಪಾಲಿಕೆ, ಕೊಳಗೇರಿ ಅಭಿವೃದ್ಧಿ ಮಂಡಳಿ, ರಾಜೀವ್ ಗಾಂಧಿ ವಸತಿ ನಿಗಮ, ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ), ತಹಶೀಲ್ದಾರ್ ಕಚೇರಿ, ಎಲ್ಲರದ್ದೂ ಒಂದೊಂದು ಪಾಲಿದೆ. ಇಷ್ಟು ಗೋಜಲು ಹೇಗಾಯಿತು?

ಹಳೇದನ್ನು ಬೇಗ ಹೇಳಿ ಮುಗಿಸಬಹುದು. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನ ಊರು. ಊರಿನ ಕೌಲ್ ಬಜಾರ್ ಪ್ರದೇಶ ಬೆಳೆದದ್ದು ಆ ದಂಡನ್ನು ನಂಬಿಕೊಂಡೇ. 1953ರವರೆಗೆ ಊರು ಮದ್ರಾಸ್ ರಾಜ್ಯದಲ್ಲಿತ್ತು. ನೆರೆಯ ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಇಲ್ಲಿಯ ಹಳೇ ಜಮೀನು ದಾಖಲೆ ಒಂದು ಥರ, ಅಲ್ಲಿಯದು ಇನ್ನೊಂದು ಥರ. ರಾಯಚೂರಿನ ಕಡೆ ಹಳೇ ಕಾಗದ ಓದಲು ಉರ್ದು ಬಲ್ಲವರನ್ನೇ ಹುಡುಕಬೇಕು. 1973ರಲ್ಲಿ ರಾಜ್ಯಕ್ಕೆ ಕೊಳಚೆ ಪ್ರದೇಶಗಳ ಕಾಯ್ದೆ ಬಂತು, 1975ರಲ್ಲಿ ಕೊಳಚೆ ನಿರ್ಮೂಲನ ಮಂಡಳಿ (ಈಗಿನ ಕೊಳಗೇರಿ ಅಭಿವೃದ್ಧಿ ಮಂಡಳಿ). ದೇವರಾಜ ಅರಸು ಕಾಲದ ಜನತಾ ಮನೆಗಳು, 90ರ ದಶಕದ ಆಶ್ರಯ, 2001ರ ವಾಂಬೆ, ಎಲ್ಲ ಒಂದರ ಹಿಂದೆ ಒಂದು ಬಂದವು.

ಈ 1973ರ ಕಾಯ್ದೆಯ ಒಂದು ಅಂಶ ಮಾತ್ರ ಗೊತ್ತಿರಬೇಕು. ಒಂದು ಕೇರಿಯನ್ನು ಸರ್ಕಾರ ಕೊಳಗೇರಿ ಎಂದು ಘೋಷಿಸಿದರೆ ಮಾತ್ರ ಅದು ಮಂಡಳಿಯ ಲೆಕ್ಕಕ್ಕೆ ಬರುತ್ತದೆ. ಘೋಷಣೆ ಆಗದ ಕೇರಿಯಲ್ಲಿ ಅದೇ ಚರಂಡಿ, ಅದೇ ಜೋಪಡಿ ಇದ್ದರೂ ಅದು ಲೆಕ್ಕದ ಹೊರಗೆ. ಘೋಷಣೆ ಆದ ಮೇಲೂ ಜಾಗ ಯಾರದು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಪಾಲಿಕೆಯ ಜಾಗ, ಕಂದಾಯ ಇಲಾಖೆಯ ಜಾಗ, ರೈಲ್ವೆಯದು, ಖಾಸಗಿಯವರದು, ಒಂದೊಂದಕ್ಕೆ ಒಂದೊಂದು ದಾರಿ. ಬಳ್ಳಾರಿಯಲ್ಲಿ ಇದರ ಜೊತೆಗೆ ಗುಡ್ಡದ ಮೇಲಿನ ಕೋಟೆ ಬೇರೆ ಇದೆ, ಅದು ಸಂರಕ್ಷಿತ ಸ್ಮಾರಕ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಗುಡ್ಡದ ಬುಡದಲ್ಲಿ ಅಜ್ಜನ ಕಾಲದಿಂದ ಇರುವವರಿಗೆ ಈ ಅಳತೆ ಅರ್ಥವಾಗುವುದು ಕಷ್ಟವೇ.

ನಿಜವಾದ ಗೊಂದಲ ಶುರುವಾದದ್ದು 2005ರ ನಂತರ. ಆ ವರ್ಷದ ಡಿಸೆಂಬರ್‌ನಲ್ಲಿ ನಗರಗಳ ನವೀಕರಣಕ್ಕೆ ಕೇಂದ್ರದ ನರ್ಮ್ ಯೋಜನೆ ಬಂತು. ಅದರ ದೊಡ್ಡ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು ಮತ್ತು ಮೈಸೂರು ಮಾತ್ರ. ಉಳಿದ ಊರುಗಳಿಗೆ, ವಸತಿ ಮತ್ತು ಕೊಳಗೇರಿ ಸುಧಾರಣೆಗೆಂದು, ಐಎಚ್‌ಎಸ್‌ಡಿಪಿ ಅಂತ ಒಂದು ಚಿಕ್ಕ ಯೋಜನೆ. (ಹತ್ತು ವರ್ಷದ ಮೇಲೆ ಸ್ಮಾರ್ಟ್ ಸಿಟಿ ಬಂದಾಗಲೂ ಇದೇ ಕಥೆ. ರಾಜ್ಯದ ಏಳು ನಗರಗಳಿಗೆ ಸಿಕ್ಕಿತು, ಕಲ್ಯಾಣ ಕರ್ನಾಟಕದ ಒಂದಕ್ಕೂ ಇಲ್ಲ.) ಐಎಚ್‌ಎಸ್‌ಡಿಪಿಯಲ್ಲಿ ಒಂದು ಮನೆಗೆ ಹಾಕಿದ್ದ ಮಿತಿ 80 ಸಾವಿರ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಫಲಾನುಭವಿ ಶೇ 12ರಷ್ಟು ವಂತಿಕೆ ಕಟ್ಟಬೇಕು, ಪರಿಶಿಷ್ಟರಾದರೆ ಶೇ 10.

ಕಾಗದದ ಮೇಲೆ ಇದು ಸರಿಯೇ. ಆದರೆ ಆಗ ಬಳ್ಳಾರಿಯಲ್ಲಿ ನಡೆಯುತ್ತಿದ್ದದ್ದೇನು? ಚೀನಾ ಅದಿರು ಕೇಳುತ್ತಿತ್ತು. ಲಾರಿಗಳು ಹಗಲು ರಾತ್ರಿ ಓಡುತ್ತಿದ್ದವು. ಊರ ಸುತ್ತಲಿನ ಹೊಲಗಳು ಲೇಔಟ್ ಆದವು, ಸೈಟಿನ ಬೆಲೆ ಸಂಬಳದವರ ಕೈಗೂ ಎಟುಕದ ಹಾಗಾಯಿತು. ಮರಳು, ಸಿಮೆಂಟು, ಗಾರೆಯವರ ಕೂಲಿ ಎಲ್ಲವೂ ಜಾಸ್ತಿ ಆಯಿತು. ಅಂಥ ಊರಲ್ಲಿ 80 ಸಾವಿರಕ್ಕೆ ಮನೆ ಮುಗಿಸಿ ಅಂದರೆ ಹೇಗೆ? ಪಾಯ, ಲಿಂಟಲ್, ಛತ್ತು ಅಂತ ಹಂತಹಂತವಾಗಿ ಬಿಲ್ ಆಗುವ ಪದ್ಧತಿ. ಒಂದು ಕಂತು ತಡವಾದರೆ ಮನೆಯವರು ಅರ್ಧ ಕಟ್ಟಿದ ಗೋಡೆ ಬಿಟ್ಟು ಬಾಡಿಗೆ ಮನೆ ಹಿಡಿಯಬೇಕು. ಆ ಬಾಡಿಗೆಯೂ ಗಣಿ ಕಾಲದ ಬಾಡಿಗೆ.

ಆಮೇಲೆ 2011ರ ಜುಲೈ ಬಂತು. ಅಕ್ರಮ ಗಣಿಗಾರಿಕೆಯ ಮೇಲೆ ಲೋಕಾಯುಕ್ತ ವರದಿ, ಅದರ ಬೆನ್ನಿಗೇ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್ ಆದೇಶ. ಅಕ್ರಮ ನಿಂತದ್ದು ಒಳ್ಳೆಯದೇ. ಆದರೆ ಕ್ಲೀನರ್, ಲೋಡರ್, ಡ್ರೈವರ್, ಪಂಕ್ಚರ್ ಅಂಗಡಿಯವರ ಕೂಲಿಯೂ ಅದರ ಜೊತೆಗೇ ನಿಂತಿತು. ಕೆಲಸ ಹೋದಷ್ಟು ಬೇಗ ಸೈಟಿನ ಬೆಲೆ ಇಳಿಯಲಿಲ್ಲ. ವಂತಿಕೆ ಕಟ್ಟಬೇಕಾದವರು ಇದೇ ಜನ ಅಲ್ವಾ?

ಅದೇ ವರ್ಷ ರಾಜೀವ್ ಆವಾಸ್ ಯೋಜನೆ ಶುರುವಾಯಿತು. ಮನೆಯ ಜೊತೆಗೆ ಜಾಗದ ಹಕ್ಕನ್ನೂ ಕೊಡಬೇಕು ಎಂದು ಅದು ಒಪ್ಪಿಕೊಂಡಿತ್ತು. ಇಷ್ಟೂ ಯೋಜನೆಗಳಲ್ಲಿ ಸರಿಯಾದ ಜಾಗಕ್ಕೆ ಕೈ ಹಾಕಿದ್ದು ಇದೊಂದೇ ಅನಿಸುತ್ತದೆ. ಆದರೆ ಬೇರು ಬಿಡುವ ಮೊದಲೇ ಅದು ಮುಗಿಯಿತು. 2015ರ ಜೂನ್‌ನಲ್ಲಿ ಪ್ರಧಾನಮಂತ್ರಿ ಆವಾಸ್ ಬಂತು.

ಪಿಎಂ ಆವಾಸ್‌ನಲ್ಲಿ ನಮ್ಮ ಊರಿಗೆ ಮುಖ್ಯವಾಗುವ ದಾರಿಗಳು ಎರಡು. ಸ್ವಂತ ಜಾಗ ಇದ್ದವರು ಅಲ್ಲೇ ಮನೆ ಕಟ್ಟಿಕೊಳ್ಳುವುದು ಒಂದು. ಸರ್ಕಾರ ಬೇರೆ ಕಡೆ ಗುಂಪು ಮನೆ ಕಟ್ಟಿ ಹಂಚುವುದು ಇನ್ನೊಂದು. ಎರಡಕ್ಕೂ ಕೇಂದ್ರದಿಂದ ಮನೆಗೆ ತಲಾ 1.5 ಲಕ್ಷ. ಮೊದಲನೇ ದಾರಿಗೆ ಜಾಗದ ಕಾಗದ ಬೇಕು. ಹಕ್ಕುಪತ್ರ ಇಲ್ಲದವರು ತಾವಿರುವ ಕೇರಿಯಲ್ಲೇ ಕಟ್ಟಿಕೊಳ್ಳುವ ಹಾಗಿಲ್ಲ, ಅವರಿಗೆ ಉಳಿಯುವುದು ಎರಡನೆಯದು. ಹೀಗೆ ಊರಂಚಿಗೆ, ಮುಂಡರಗಿಯಂಥ ಕಡೆ, ಜಿ ಪ್ಲಸ್ 2 (ನೆಲಮನೆಯ ಮೇಲೆ ಎರಡು ಮಹಡಿ) ಮನೆಗಳು ಬಂದವು.

ಮುಂಡರಗಿ ಕೆಟ್ಟ ಜಾಗ ಅಲ್ಲ, ಪಕ್ಕದಲ್ಲೇ ಕೈಗಾರಿಕಾ ಪ್ರದೇಶ ಇದೆ. ಆದರೆ ಕೌಲ್ ಬಜಾರ್ ಕಡೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ, ಗುಂಡಿ ಹಚ್ಚಿ ಪೀಸ್ ಲೆಕ್ಕದಲ್ಲಿ ದುಡಿಯುತ್ತಾರೆ. ಗಂಟು ಬರುವುದು ಓಣಿಯ ಬಾಗಿಲಿಗೆ. ಎರಡನೇ ಮಹಡಿಗೆ ಅದನ್ನು ಹೊತ್ತು ತಂದುಕೊಡುವವರು ಯಾರು? ತಳ್ಳುಗಾಡಿ ಇಟ್ಟುಕೊಂಡವರ ಪಾಡೂ ಇದೇ. ಇನ್ನು ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಮೇಲಿನ ಛತ್ತಿನ ಕೆಳಗೆ ಮಧ್ಯಾಹ್ನ ಕೂತವರೇ ಬಲ್ಲರು.

ದುಡ್ಡಿನ ಲೆಕ್ಕವೂ ತಪ್ಪಿತು. ಕೇಂದ್ರ, ರಾಜ್ಯ ಎರಡೂ ಕೊಟ್ಟ ಮೇಲೆ ಉಳಿದದ್ದನ್ನು ಫಲಾನುಭವಿ ಬ್ಯಾಂಕ್ ಸಾಲ ಮಾಡಿ ತುಂಬಬೇಕಿತ್ತು. ದಿನಗೂಲಿಯವರಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ರಾಜ್ಯದುದ್ದಕ್ಕೂ ಮನೆಗಳು ಅರ್ಧಕ್ಕೆ ನಿಂತವು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ರಾಜ್ಯ ಸಂಪುಟ ಒಂದು ತೀರ್ಮಾನ ಮಾಡಿತು. ಮಂಡಳಿಯ ಮನೆಗಳಿಗೆ ಫಲಾನುಭವಿ 1 ಲಕ್ಷ ಕಟ್ಟಿದರೆ ಸಾಕು, ಉಳಿದ ವಂತಿಕೆ ಸರ್ಕಾರದ್ದು.

ಕೇರಿಗಳನ್ನು ಇದ್ದಲ್ಲೇ ಸುಧಾರಿಸುವ ಕೆಲಸ ನಡೆದೇ ಇಲ್ಲ ಅಂತಲ್ಲ. ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದಲ್ಲಿ ಉತ್ತರ ಕರ್ನಾಟಕದ 25 ಊರುಗಳಿಗೆ ನೀರು, ಒಳಚರಂಡಿ, ರಸ್ತೆ ಅಂತ ದೊಡ್ಡ ಕಾಮಗಾರಿ ನಡೆಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರಲ್ಲಿದ್ದವು. ಪರಿಶಿಷ್ಟರಿಗೆಂದು ಪಾಲಿಕೆ ಮೀಸಲಿಡುವ ಶೇ 24.10ರ ಅನುದಾನವೂ ಅವರ ಕೇರಿಗಳಿಗೆ ಹೋಗುತ್ತದೆ. ಆದರೆ ಉದ್ಘಾಟನೆಗೆ ಮನೆ ಚೆನ್ನಾಗಿ ಕಾಣುತ್ತದೆ, ನೆಲದೊಳಗಿನ ಪೈಪು ಕಾಣುವುದಿಲ್ಲ. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಸೂರು ಎಷ್ಟು ಮುಖ್ಯವೋ ನಲ್ಲಿಯ ನೀರೂ ಅಷ್ಟೇ ಮುಖ್ಯ ಅಂತ ಹೇಳಲು ಅಷ್ಟು ಜೀವ ಹೋಗಬೇಕಿತ್ತೇ?

ಕೊಪ್ಪಳದ ತೊಂದರೆ ಸ್ವಲ್ಪ ಬೇರೆ. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು, ಗಿಣಿಗೇರಾ ಕಡೆ ಕಾರ್ಖಾನೆಗಳು ಬಂದವು. ಅಲ್ಲಿ ಬೇಕಿರುವುದು ಬಾಡಿಗೆ ಮನೆ. ಬಾಡಿಗೆಯವರನ್ನು ನಮ್ಮ ಯೋಜನೆಗಳು ಬಹುಕಾಲ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೋವಿಡ್ ನಂತರ, 2020ರಲ್ಲಿ, ಕೇಂದ್ರ ಮೊದಲ ಸಲ ವಲಸೆ ಕಾರ್ಮಿಕರಿಗೆ ಬಾಡಿಗೆ ಮನೆಯ ಯೋಜನೆ ತಂದಿತು.

ಈಗ 2024ರ ಸೆಪ್ಟೆಂಬರ್‌ನಿಂದ ಪಿಎಂ ಆವಾಸ್ 2.0 ಇದೆ. ಬಾಡಿಗೆ ಮನೆಗೂ ಅದರಲ್ಲಿ ಜಾಗ ಸಿಕ್ಕಿದೆ. ಆದರೆ ಸ್ವಂತ ಮನೆ ಕಟ್ಟಿಕೊಳ್ಳುವವರಿಗೆ ಜಾಗದ ದಾಖಲೆ ಈಗಲೂ ಬೇಕು. ಅರ್ಜಿ ಹಾಕುವವರು ಮೊದಲು ತಮ್ಮ ಕೇರಿ ಘೋಷಿತವೋ ಅಲ್ಲವೋ ಎಂದು ಕೇಳಿ ತಿಳಿದುಕೊಳ್ಳಬೇಕು. ಘೋಷಿತವಾಗಿದ್ದರೆ ಹಕ್ಕುಪತ್ರಕ್ಕೆ ಮಂಡಳಿಯ ಕಚೇರಿಗೆ ಹೋಗಬೇಕು. ಅಲ್ಲದಿದ್ದರೆ, ಜಾಗ ಕಂದಾಯ ಇಲಾಖೆಯದಾಗಿದ್ದರೆ, 94ಸಿಸಿ ಅರ್ಜಿ (ನಗರದ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಸಿಕೊಳ್ಳುವ ಅರ್ಜಿ) ಈಗ ತೆಗೆದುಕೊಳ್ಳುತ್ತಾರೆಯೇ ಎಂದು ತಹಶೀಲ್ದಾರರ ಬಳಿ ಕೇಳಬೇಕು. ಖಾಸಗಿ ಜಾಗವಾದರೆ ಸರ್ಕಾರ ಅದನ್ನು ಸ್ವಾಧೀನ ಮಾಡಿಕೊಳ್ಳುವವರೆಗೂ ಕಾಯಬೇಕು. ಹಾಗೆ ಕಾಯುವವರು ಕರೆಂಟ್ ಬಿಲ್, ನೀರಿನ ರಸೀದಿ, ಹಳೇ ವೋಟರ್ ಪಟ್ಟಿಯ ನಕಲು ಜೋಪಾನ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂಬ ಪ್ರಶ್ನೆ ಯಾವ ಕಚೇರಿಗೆ ಹೋದರೂ ಬರುತ್ತದೆ.