ದೇಹ ಫ್ರೀಜ್ ಮಾಡಿಟ್ಟರೆ ಶ್ರಾದ್ಧ ಯಾವಾಗ?

ಪ್ರಶ್ನೆ: ಸತ್ತವರನ್ನು ಸುಡದೆ, ಹೂಳದೆ, ಮುಂದೊಂದು ದಿನ ಬದುಕಿಸಬಹುದು ಅಂತ ಫ್ರೀಜ್ ಮಾಡಿಡ್ತಾರಂತೆ. ಇದು ನಮ್ಮ ಧರ್ಮಕ್ಕೆ ವಿರುದ್ಧ ಅಲ್ವಾ? ಆತ್ಮ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾ?

ಉತ್ತರ: ಇದನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಕೇಳುತ್ತಾರೆ. ಮೊದಲು ಅಲ್ಲಿ ನಡೆಯುವುದೇನು ಅಂತ ನೋಡೋಣ.

ಇದರ ಹೆಸರು ಕ್ರಯಾನಿಕ್ಸ್. ಅಮೆರಿಕದಲ್ಲಿ ಇದನ್ನು ಮಾಡುವ ಸಂಸ್ಥೆಗಳು, ಈಗ ಅರಿಝೋನಾದಲ್ಲಿರುವ ಆಲ್ಕೋರ್ ಮತ್ತು ಮಿಶಿಗನ್‌ನ ಕ್ರಯಾನಿಕ್ಸ್ ಇನ್‌ಸ್ಟಿಟ್ಯೂಟ್, 1970ರ ದಶಕದಿಂದಲೇ ಇವೆ. ಪ್ರಾಣ ಹೋಗಿದೆ ಅಂತ ಡಾಕ್ಟರ್ ಬರೆದುಕೊಟ್ಟ ಮೇಲೇ ಇವರ ಕೆಲಸ ಶುರು. ದೇಹವನ್ನು ತಣ್ಣಗೆ ಮಾಡಿ, ರಕ್ತ ತೆಗೆದು, ಒಳಗೆ ಮಂಜಿನ ಹರಳು ಕಟ್ಟದಂತೆ ತಡೆಯುವ ದ್ರಾವಣ ತುಂಬುತ್ತಾರೆ. ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುತ್ತಾರೆ. ಆಲ್ಕೋರ್‌ನ ಎತ್ತರದ ಸ್ಟೀಲ್ ಟ್ಯಾಂಕುಗಳಲ್ಲಿ ದೇಹಗಳನ್ನು ತಲೆಕೆಳಗಾಗಿ ನಿಲ್ಲಿಸಿರುತ್ತಾರೆ. ಸಾರಜನಕ ಆವಿಯಾಗಿ ಮಟ್ಟ ಇಳಿದರೂ ತಲೆ ಕೊನೆಯವರೆಗೂ ಮುಳುಗಿಯೇ ಇರಲಿ ಅಂತ. ಅಲ್ಲಿ ಇಡೀ ದೇಹಕ್ಕೆ 2 ಲಕ್ಷ ಡಾಲರ್‌ಗೂ ಜಾಸ್ತಿ. ತಲೆ ಮಾತ್ರ ಇಡಿಸುವವರೂ ಇದ್ದಾರೆ. ಇಷ್ಟೆಲ್ಲ ಮಾಡಿದರೂ ಇದುವರೆಗೆ ಒಬ್ಬರನ್ನೂ ಎಬ್ಬಿಸಲು ಆಗಿಲ್ಲ.

ತಣ್ಣಗಿಡುವುದೇ ತಪ್ಪಾ? ಅಲ್ಲ. 1978ರಲ್ಲಿ ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಹುಟ್ಟಿದ ಭಾರತದ ಮೊದಲ ಪ್ರನಾಳ ಶಿಶು, ಫ್ರೀಜ್ ಮಾಡಿಟ್ಟ ಭ್ರೂಣದಿಂದಲೇ ಬಂದದ್ದು. ಆದರೆ ಕೆಲವೇ ಜೀವಕೋಶಗಳ ಭ್ರೂಣ ಬೇರೆ, ಎಪ್ಪತ್ತು ವರ್ಷದ ನೆನಪು ತುಂಬಿದ ಮೆದುಳು ಬೇರೆ.

ಇನ್ನು ಆತ್ಮದ ಮಾತು. ಹಳೇ ಬಟ್ಟೆ ಬಿಟ್ಟು ಹೊಸದು ತೊಟ್ಟಂತೆ ದೇಹಿ ಬೇರೆ ದೇಹಕ್ಕೆ ಹೋಗುತ್ತಾನೆ ಅನ್ನುತ್ತದೆ ಗೀತೆ. ಹಳೇ ಬಟ್ಟೆಯನ್ನು ಬೀರುವಿನಲ್ಲಿ ಎಷ್ಟು ಜೋಪಾನ ಮಾಡಿದರೂ ತೊಟ್ಟವರು ಹೋಗಿಯಾಗಿದೆ. ಸಂಸ್ಕಾರ ಆಗದಿದ್ದರೆ ಪ್ರೇತವಾಗಿ ಅಲೆಯಬೇಕು ಅನ್ನುವ ಭಯ ಗರುಡ ಪುರಾಣ ಕೇಳಿದವರಿಗೆ ಇದ್ದೇ ಇರುತ್ತದೆ. ಆದರೆ ಸಂಸ್ಕಾರಕ್ಕೆ ದೇಹ ಎದುರಿಗೇ ಇರಬೇಕು ಅಂತಿಲ್ಲ. ದೇಹವೇ ಸಿಗದಿದ್ದಾಗ ದರ್ಭೆಯಲ್ಲೋ ಮುತ್ತುಗದ ಎಲೆಯಲ್ಲೋ ಆಕೃತಿ ಮಾಡಿ ದಹನ ಮಾಡುವ ಕ್ರಮವಿದೆ. ಮೆಡಿಕಲ್ ಕಾಲೇಜಿಗೆ ದೇಹದಾನ ಮಾಡಿದವರ ಮನೆಯಲ್ಲೂ ಕರ್ಮ ನಡೆಯುತ್ತದೆ. ಸುಡಲೇಬೇಕು ಅನ್ನುವುದೂ ಎಲ್ಲರ ಮಾತಲ್ಲ. ಲಿಂಗಾಯತರು ಹೂಳುತ್ತಾರೆ, ಯತಿಗಳಿಗೆ ಬೃಂದಾವನ ಕಟ್ಟುತ್ತಾರೆ. ಇಸ್ಲಾಮಿನಲ್ಲಾದರೆ ತಡಮಾಡದೆ ದಫನ್ ಮಾಡಬೇಕು ಅನ್ನುವುದು ಗಟ್ಟಿ ನಿಯಮ.

ಜಾಸ್ತಿ ದಿನ ಬದುಕುವ ಆಸೆಯೂ ಪಾಪವಲ್ಲ. ಕಾಲಿಗೆ ಬಿದ್ದವರಿಗೆ ನೂರು ವರ್ಷ ಬಾಳು ಅಂತಲೇ ಹರಸುತ್ತೇವೆ, ಅರವತ್ತಕ್ಕೆ ಶಾಂತಿ ಮಾಡಿಸುತ್ತೇವೆ. ಯಯಾತಿಯ ಕಥೆಯಲ್ಲೂ ತಪ್ಪು ಆಯಸ್ಸಿನದ್ದಲ್ಲ. ತನ್ನ ಮುಪ್ಪನ್ನು ಮಗನಿಗೆ ಕೊಟ್ಟು ಅವನ ಯೌವನವನ್ನು ಪಡೆದದ್ದು ತಪ್ಪು.

ಹಾಗಾದರೆ ತೊಡಕು ಎಲ್ಲಿ? ಶ್ರಾದ್ಧ ಮಾಡಬೇಕಾದರೆ ಮೊದಲು ‘ಹೋದರು’ ಅಂತ ಒಪ್ಪಬೇಕು. ಆಲ್ಕೋರ್‌ನವರು ಟ್ಯಾಂಕಿನಲ್ಲಿರುವವರನ್ನು ಹೆಣ ಅನ್ನುವುದಿಲ್ಲ, ಪೇಷೆಂಟ್ ಅನ್ನುತ್ತಾರೆ. ಪೇಷೆಂಟ್‌ಗೆ ಪಿಂಡ ಇಡುವುದು ಹೇಗೆ? ಹೆಂಡತಿ ತಾಳಿ ತೆಗೆಯಬೇಕಾ, ಕಾಯಬೇಕಾ? ನನಗೆ ಇದು ಆತ್ಮದ ಪ್ರಶ್ನೆಗಿಂತ ದೊಡ್ಡದು. ಆತ್ಮದ ದಾರಿ ಅದಕ್ಕೆ ಗೊತ್ತಿರಬಹುದು. ಉಳಿದವರಿಗೆ ದಾರಿ ತೋರಿಸುವುದೇ ಹನ್ನೊಂದು, ಹನ್ನೆರಡು, ಹದಿಮೂರನೇ ದಿನದ ಕೆಲಸ.

ಈ ಭಾರ ಹೊತ್ತವರು ಇದ್ದಾರೆ. 1967ರ ಜನವರಿ 12ರಂದು ತೀರಿಕೊಂಡ ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಜೇಮ್ಸ್ ಬೆಡ್‌ಫೋರ್ಡ್ ಹೀಗೆ ಇಟ್ಟ ಮೊದಲ ವ್ಯಕ್ತಿ. 1982ರಲ್ಲಿ ಆಲ್ಕೋರ್‌ಗೆ ಒಪ್ಪಿಸುವವರೆಗೆ ಅವರ ಮನೆಯವರೇ ಎಷ್ಟೋ ವರ್ಷ ಸಾರಜನಕ ತುಂಬಿಸುತ್ತಾ ಕಾಪಾಡಿದರು. ಫ್ರಾನ್ಸ್‌ನ ಡಾಕ್ಟರ್ ರೇಮೊಂ ಮಾರ್ತಿನೋ 1984ರಲ್ಲಿ ತೀರಿಕೊಂಡ ಹೆಂಡತಿಯನ್ನು ಮನೆಯ ನೆಲಮಾಳಿಗೆಯ ಫ್ರೀಜರ್‌ನಲ್ಲಿ ಇಟ್ಟರು. 2002ರಲ್ಲಿ ಅವರೂ ಹೋದಾಗ ಮಗ ಅಪ್ಪನನ್ನೂ ಹಾಗೇ ಇಟ್ಟ, ಕೋರ್ಟುಗಳಲ್ಲಿ ಹೋರಾಡಿ ಸೋತ. 2006ರಲ್ಲಿ ಫ್ರೀಜರ್ ಕೆಟ್ಟಿತು. ಕೊನೆಗೆ ಅವನೇ ಇಬ್ಬರನ್ನೂ ದಹನ ಮಾಡಿಸಿದ. ಅಮ್ಮ ಹೋಗಿ ಇಪ್ಪತ್ತೆರಡು ವರ್ಷ ಆದ ಮೇಲೆ.

ಆದರೂ ಸುಮ್ನೆ ‘ಹುಚ್ಚು’ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 2016ರಲ್ಲಿ ಲಂಡನ್ನಿನ 14 ವರ್ಷದ ಹುಡುಗಿಯೊಬ್ಬಳು, ಕ್ಯಾನ್ಸರ್‌ನಿಂದ ಸಾಯುತ್ತಿದ್ದವಳು, ತನ್ನನ್ನು ಹೀಗೆ ಇಡಿಸಿ ಅಂತ ಹೈಕೋರ್ಟಿಗೆ ಕಾಗದ ಬರೆದಳು. ಅಮ್ಮ ಒಪ್ಪಿದ್ದಳು, ಬೇರೆಯಿದ್ದ ಅಪ್ಪ ಬೇಡವೆಂದಿದ್ದ. ಜಡ್ಜ್ ಪೀಟರ್ ಜ್ಯಾಕ್ಸನ್ ಅವರು, ಈ ಪದ್ಧತಿ ಸರಿಯೋ ತಪ್ಪೋ ನಾನು ಹೇಳುತ್ತಿಲ್ಲ, ತೀರ್ಮಾನ ತಾಯಿಯದ್ದು ಅಂದರು. ಆ ಮಗು ತುಸು ನೆಮ್ಮದಿಯಿಂದ ಹೋಗಿದ್ದರೆ ಯಾವ ಶಾಸ್ತ್ರ ತಾನೇ ಬೇಡ ಅಂದೀತು?

ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಪ್ರಸಂಗ ಒಂದಿದೆ. ಪಂಜಾಬಿನ ನೂರ್‌ಮಹಲ್ ಆಶ್ರಮದ ಆಶುತೋಷ್ ಮಹಾರಾಜ್ ತೀರಿಕೊಂಡರು ಅಂತ 2014ರ ಜನವರಿಯಲ್ಲಿ ಡಾಕ್ಟರ್‌ಗಳು ಹೇಳಿದರು. ಭಕ್ತರು ಸಮಾಧಿ ಸ್ಥಿತಿ ಅಂದು ದೇಹವನ್ನು ಫ್ರೀಜರ್‌ನಲ್ಲಿ ಇಟ್ಟರು. ತಾನು ಮಗ, ಸಂಸ್ಕಾರ ತನ್ನ ಹಕ್ಕು ಅಂತ ಒಬ್ಬರು ಕೋರ್ಟಿಗೆ ಹೋದರು. ಆ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ದಹನ ಮಾಡಿ ಅಂದಿತು, 2017ರ ಜುಲೈನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಇಟ್ಟುಕೊಳ್ಳಬಹುದು ಅಂದಿತು.

ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತೆತ್ತಿದರೆ ಧರ್ಮದ ಹೆಸರಲ್ಲಿ ಹೆದರಿಸಬೇಡಿ. ದುಡ್ಡು ಯಾರ ಪಾಲಿನದ್ದು, ಕರ್ಮ ಮಾಡಲು ಒಪ್ಪಿಗೆ ಇದೆಯಾ ಅಂತ ಕೇಳಿ. ‘ನನ್ನನ್ನು ಕಾಯಬೇಡಿ’ ಅಂತ ಬಾಯಿಬಿಟ್ಟು ಹೇಳಿಸಿಕೊಳ್ಳಿ.

ನಮ್ಮ ದೊಡ್ಡಪ್ಪ ಹೋದಾಗ ಅಣ್ಣ ಅಮೆರಿಕದಿಂದ ಬರಬೇಕಿತ್ತು. ಎರಡು ದಿನ ಹಾಲ್‌ನಲ್ಲಿ ಬಾಡಿಗೆಯ ಫ್ರೀಜರ್ ಬಾಕ್ಸ್. ಗಾಜಿನ ಮುಚ್ಚಳದ ಮೇಲೆ ಮಂಜು ಕೂತಾಗೆಲ್ಲ ದೊಡ್ಡಮ್ಮ ಸೆರಗಿನಿಂದ ಒರೆಸಿ ಮುಖ ನೋಡುತ್ತಿದ್ದರು. ಊಟ ಮುಟ್ಟಲಿಲ್ಲ, ಅಳಲೂ ಇಲ್ಲ. ಅಣ್ಣ ಬಂದು ಕಾಲ ಬಳಿ ಕೂತ. ಆಗ ಅವರು ಎದ್ದು ಗೋಡೆಯ ಕಡೆ ಕೈ ತೋರಿಸಿ, ‘ಸ್ವಿಚ್ ಆರಿಸ್ರೋ’ ಅಂದರು. ಆಮೇಲೆ ಅತ್ತರು.